ವೈಡ್ ಲೆನ್ಸ್ ಇದ್ದರೆ ಫೋಟೊ ಚೆನ್ನಾಗಿ ಬರುತ್ತದೆಯೇ? ಮೈಸೂರಿನ ವಿ.ಕೆ. ಮೂರ್ತಿ ಅವರ ಬದುಕಿನಲ್ಲಿದೆ ಉತ್ತರ

ಹೊಸ ಫೋನ್ ಕೈಗೆ ಬಂದ ದಿನ ನಾವೆಲ್ಲರೂ ಮಾಡುವ ಕೆಲಸ ಒಂದಿದೆ. ಕ್ಯಾಮೆರಾ ತೆರೆದು 0.5 ಎಂಬ ಗುಂಡಿ ಒತ್ತುತ್ತೇವೆ. ಇಡೀ ಕೋಣೆ, ಚಾವಣಿ, ಫ್ಯಾನು, ಮೂಲೆಯ ಚಪ್ಪಲಿ ಸ್ಟ್ಯಾಂಡು ಎಲ್ಲವೂ ಪರದೆಯೊಳಗೆ ಬಂದು ಕೂರುತ್ತವೆ. ಅರೆ, ಎಷ್ಟು ಜಾಗ ಹಿಡಿಯಿತು ಎಂದು ಖುಷಿಪಡುತ್ತೇವೆ. ಅಲ್ಲಿಂದಲೇ ಒಂದು ನಂಬಿಕೆ ಶುರುವಾಗುತ್ತದೆ: ಲೆನ್ಸ್ ಅಗಲವಾದಷ್ಟೂ ಫೋಟೊ ಚೆಂದ.

ಈ ನಂಬಿಕೆ ನಮ್ಮ ಗೆಳೆಯರೊಬ್ಬರಿಗೆ ಲಕ್ಷ ರೂಪಾಯಿಗೂ ಮೀರಿದ ಖರ್ಚು ತಂದಿಡುವುದರಲ್ಲಿತ್ತು. ಅವರು ಮೈಸೂರಿನಲ್ಲಿ ಮದುವೆ ಫೋಟೊ ತೆಗೆಯುತ್ತಾರೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಮೀಡಿಯಂ ಫಾರ್ಮ್ಯಾಟ್ ಡಿಜಿಟಲ್ ಕ್ಯಾಮೆರಾ ಕೊಂಡಿದ್ದಾರೆ. ಮೀಡಿಯಂ ಫಾರ್ಮ್ಯಾಟ್ ಎಂದರೆ ಚಿತ್ರ ಹಿಡಿಯುವ ಸೆನ್ಸರ್ ಸಾಮಾನ್ಯ ವೃತ್ತಿಪರ ಕ್ಯಾಮೆರಾಗಳಿಗಿಂತ ದೊಡ್ಡದಾಗಿರುವುದು. ಅದಕ್ಕೆ ಒಂದು ವೈಡ್ ಲೆನ್ಸ್ ಬೇಕು. ಈ ಕ್ಯಾಮೆರಾಗಳ ಒಂದು ಹೊಸ ಲೆನ್ಸಿಗೇ ಲಕ್ಷ ದಾಟುತ್ತದೆ. ಸಾಲ ಮಾಡಬೇಕು. ಅವರ ಫೋಟೊಗ್ರಾಫರ್ ಗುಂಪಿನಲ್ಲಿ ಬಂದ ಸಲಹೆ ಒಂದೇ: ಸಿಗುವುದರಲ್ಲಿ ಅತಿ ಅಗಲದ್ದನ್ನು ತಗೊಳ್ಳಿ, ಛತ್ರವೂ ಬರುತ್ತೆ, ಅರಮನೆಯೂ ಬರುತ್ತೆ.

ಅವರು ನಮ್ಮನ್ನು ಕೇಳಿದರು. ನಾವು ಕ್ಯಾಮೆರಾ ಮಾರುವವರಲ್ಲ, ಸಂವಹನ ಓದಿದವರು. ಆದರೆ ತರಗತಿಯಲ್ಲಿ ಓದಿದ ಒಂದು ಹೆಸರು ನೆನಪಾಯಿತು. ಭಾರತದ ಸಿನಿಮಾಕ್ಕೆ ಅಗಲ ಪರದೆಯನ್ನು ಮೊದಲು ತಂದ ಛಾಯಾಗ್ರಾಹಕ ಮೈಸೂರಿನವರೇ. ವಿ.ಕೆ. ಮೂರ್ತಿ. ಅವರ ಬದುಕನ್ನು ಒಮ್ಮೆ ನೋಡಿ ಬಂದರೆ ಲೆನ್ಸ್ ಪ್ರಶ್ನೆಗೆ ಅರ್ಧಕ್ಕಿಂತ ಹೆಚ್ಚು ಉತ್ತರ ಸಿಗುತ್ತದೆ. ಉಳಿದದ್ದಕ್ಕೆ ಗುಣಾಕಾರ, ಭಾಗಾಕಾರ ಸಾಕು.

ಮೈಸೂರಿನ ಹುಡುಗ, ಬೆಂಗಳೂರಿನ ಪಾಠ

ಪೂರ್ತಿ ಹೆಸರು ವೆಂಕಟರಾಮ ಪಂಡಿತ್ ಕೃಷ್ಣಮೂರ್ತಿ. ಹುಟ್ಟಿದ್ದು 1923ರ ನವೆಂಬರ್ 26ರಂದು, ಮೈಸೂರಿನಲ್ಲಿ. ಚಿಕ್ಕಂದಿನಿಂದ ಎರಡು ಹುಚ್ಚು: ಸಿನಿಮಾ ಮತ್ತು ಸಂಗೀತ. ಪಿಟೀಲು ಕಲಿತರು. 1940ರ ದಶಕದಲ್ಲಿ ಸ್ವಾತಂತ್ರ್ಯ ಚಳವಳಿಗೆ ಇಳಿದು ಜೈಲನ್ನೂ ಕಂಡರು.

ಆ ಕಾಲದಲ್ಲಿ ಕ್ಯಾಮೆರಾ ಕೆಲಸ ಕಲಿಯಬೇಕೆಂದರೆ ಸ್ಟುಡಿಯೊಗೆ ಸೇರಿ, ಪೆಟ್ಟಿಗೆ ಹೊತ್ತು, ಹಿರಿಯರ ಕೈಕೆಳಗೆ ವರ್ಷಗಟ್ಟಲೆ ದುಡಿಯಬೇಕಿತ್ತು. ಶಾಲೆಯಲ್ಲಿ ಕಲಿಯುವ ವಿದ್ಯೆ ಎಂದು ಅದನ್ನು ಯಾರೂ ಭಾವಿಸಿರಲಿಲ್ಲ. ಆದರೆ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಛಾಯಾಗ್ರಹಣದ ಡಿಪ್ಲೊಮಾ ಶುರುವಾಯಿತು. ಎಸ್‌ಜೆಪಿ ಎಂದರೆ ಈಗಲೂ ಬೆಂಗಳೂರಿಗರಿಗೆ ಗೊತ್ತಾಗುತ್ತದೆ. ಅದರ ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಮೂರ್ತಿ ಒಬ್ಬರು. 1946ರಲ್ಲಿ ಡಿಪ್ಲೊಮಾ ಮುಗಿಸಿದರು.

ಇದನ್ನು ಒತ್ತಿ ಹೇಳಲು ಕಾರಣವಿದೆ. ದೊಡ್ಡ ಕಲಾವಿದರ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ಎಲ್ಲವೂ ಹುಟ್ಟಿನಿಂದ ಬಂದ ಪ್ರತಿಭೆಯೇ ಆಗಿರುತ್ತದೆ. ಮೂರ್ತಿ ಅವರ ಕೆಲಸದ ಹಿಂದೆ ಬೆಳಕು ಹೇಗೆ ಓಡುತ್ತದೆ, ಲೆನ್ಸ್ ಅದನ್ನು ಹೇಗೆ ಬಾಗಿಸುತ್ತದೆ, ಫಿಲ್ಮ್ ಅದನ್ನು ಎಷ್ಟು ಹೀರಿಕೊಳ್ಳುತ್ತದೆ ಎಂಬ ಪಾಠವಿತ್ತು.

ಕನ್ನಡಿಯೊಳಗಿನ ಒಂದು ಶಾಟ್

ಡಿಪ್ಲೊಮಾ ಹಿಡಿದು ಮುಂಬೈಗೆ ಹೋದವರು ಫಲಿ ಮಿಸ್ತ್ರಿ ಅವರಂಥ ಹೆಸರಾಂತ ಛಾಯಾಗ್ರಾಹಕರ ಬಳಿ ಸಹಾಯಕರಾಗಿ ದುಡಿದರು. 1951ರಲ್ಲಿ 'ಬಾಜಿ' ಚಿತ್ರ ತಯಾರಾಗುತ್ತಿತ್ತು. ನಿರ್ದೇಶಕ ಗುರುದತ್. ಅವರಿಗೆ ಅದು ಮೊದಲ ಚಿತ್ರ. ಗುರುದತ್ ಹುಟ್ಟಿದ್ದೂ ಬೆಂಗಳೂರಿನಲ್ಲೇ, 1925ರಲ್ಲಿ; ಪಡುಕೋಣೆ ಮನೆತನದವರು. 'ಬಾಜಿ'ಯ ಛಾಯಾಗ್ರಾಹಕ ವಿ. ರಾತ್ರಾ. ಮೂರ್ತಿ ಅಲ್ಲಿ ಸಹಾಯಕ.

ಒಂದು ದೃಶ್ಯದಲ್ಲಿ ಕನ್ನಡಿಯ ಪ್ರತಿಬಿಂಬದಿಂದ ಶುರುವಾಗಿ ಕ್ಯಾಮೆರಾ ಚಲಿಸುತ್ತ ಹೋಗುವ ಶಾಟ್ ಬೇಕಿತ್ತು. ಕೇಳಲು ಸುಲಭ, ತೆಗೆಯಲು ಕಷ್ಟ. ಕ್ಯಾಮೆರಾ ಸ್ವಲ್ಪ ಸರಿದರೂ ಕನ್ನಡಿಯಲ್ಲಿ ಕಾಣುವುದು ಬದಲಾಗುತ್ತದೆ. ದೀಪ, ಟ್ರಾಲಿ, ಕೆಲಸಗಾರರು ಎಲ್ಲರೂ ಅದರಲ್ಲಿ ಕಾಣಿಸಿಕೊಂಡುಬಿಡುತ್ತಾರೆ. ಮೂರ್ತಿ ಆ ಶಾಟನ್ನು ಸಾಧಿಸಿಕೊಟ್ಟರು. ಗುರುದತ್‌ಗೆ ಈ ಹುಡುಗ ಬೇಕು ಎನ್ನಿಸಿತು. ಮರುವರ್ಷ, 1952ರಲ್ಲಿ, 'ಜಾಲ್' ಚಿತ್ರಕ್ಕೆ ಮೂರ್ತಿಯೇ ಛಾಯಾಗ್ರಾಹಕ.

ಅಲ್ಲಿಂದ ಹತ್ತು ವರ್ಷ ಈ ಜೋಡಿ ಬಿಡಲಿಲ್ಲ. 'ಆರ್ ಪಾರ್', 'ಮಿಸ್ಟರ್ ಅಂಡ್ ಮಿಸೆಸ್ 55', 'ಸಿ.ಐ.ಡಿ.', 1957ರ 'ಪ್ಯಾಸಾ', 1959ರ 'ಕಾಗಜ್ ಕೆ ಫೂಲ್', 1962ರ 'ಸಾಹಿಬ್ ಬೀಬಿ ಔರ್ ಗುಲಾಮ್'. ಇವುಗಳಲ್ಲಿ ಕೆಲವು ಚಿತ್ರಗಳನ್ನು ಬೇರೆಯವರು ನಿರ್ದೇಶಿಸಿದ್ದರೂ ಗುರುದತ್ ತಂಡದಿಂದಲೇ ಬಂದವು. ಎಲ್ಲದರಲ್ಲೂ ಕ್ಯಾಮೆರಾ ಹಿಂದೆ ಮೂರ್ತಿ ಇದ್ದರು.

ಮುಖ ಹತ್ತಿರ ಕಾಣಬೇಕು, ಕ್ಯಾಮೆರಾ ದೂರ ನಿಲ್ಲಬೇಕು

ಗುರುದತ್ ಚಿತ್ರಗಳೆಂದರೆ ನೆನಪಿಗೆ ಬರುವುದು ಮುಖಗಳು. ಪರದೆ ತುಂಬ ಒಂದು ಮುಖ, ಅದರಲ್ಲಿ ಎರಡು ಕಣ್ಣು. ಆಗಿನ ಸಿನಿಮಾಗಳಲ್ಲಿ ಇಂಥ ಶಾಟ್‌ಗೂ 50 ಮಿಲಿಮೀಟರ್ ಲೆನ್ಸ್ ಬಳಸುವುದು ರೂಢಿ. ಗುರುದತ್ ಮತ್ತು ಮೂರ್ತಿ 75, 100 ಮಿಲಿಮೀಟರ್ ಲೆನ್ಸ್‌ಗಳಿಗೆ ಹೋದರು.

ಈ ಮಿಲಿಮೀಟರ್ ಎಂದರೇನು? ಶಾಲೆಯ ವಿಜ್ಞಾನದಲ್ಲಿ ಓದಿದ ನಾಭಿದೂರ, ಅಂದರೆ ಫೋಕಲ್ ಲೆಂತ್. ಸಂಖ್ಯೆ ಚಿಕ್ಕದಾದರೆ ಲೆನ್ಸ್ ಹೆಚ್ಚು ಅಗಲಕ್ಕೆ ನೋಡುತ್ತದೆ. ದೊಡ್ಡದಾದರೆ ಸ್ವಲ್ಪ ಜಾಗವನ್ನೇ ನೋಡುತ್ತದೆ, ಆದರೆ ದೊಡ್ಡದಾಗಿ ತೋರಿಸುತ್ತದೆ. 100 ಮಿಲಿಮೀಟರ್ ಲೆನ್ಸಿನಲ್ಲಿ ಮುಖ ಅದೇ ಗಾತ್ರದಲ್ಲಿ ಕಾಣಬೇಕಾದರೆ ಕ್ಯಾಮೆರಾ ಸರಿಸುಮಾರು ಎರಡು ಪಟ್ಟು ಹಿಂದೆ ಹೋಗಬೇಕು. ಮುಖದ ರೂಪ ಬದಲಾಗುವುದು ಹೀಗೆ ಹಿಂದೆ ಹೋಗುವುದರಿಂದಲೇ.

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ವೈಡ್ ಲೆನ್ಸ್ ಮೂಗನ್ನು ದಪ್ಪ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಚೌಕಟ್ಟಿನ ನಡುವೆ ಇರುವ ಮುಖದ ಮಟ್ಟಿಗೆ ದೋಷ ಲೆನ್ಸಿನದ್ದಲ್ಲ, ದೂರದ್ದು. ನಿಮ್ಮ ಮೂಗಿನ ತುದಿಗಿಂತ ಕಿವಿ ಸುಮಾರು 12 ಸೆಂಟಿಮೀಟರ್ ಹಿಂದಿದೆ ಎಂದಿಟ್ಟುಕೊಳ್ಳಿ. ಫೋನನ್ನು ಮೂಗಿನಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಕಿವಿ 42 ಸೆಂಟಿಮೀಟರ್ ದೂರದಲ್ಲಿರುತ್ತದೆ. ಹತ್ತಿರದ್ದು ದೊಡ್ಡದಾಗಿ ಕಾಣುವುದರಿಂದ ಕಿವಿಗೆ ಹೋಲಿಸಿದರೆ ಮೂಗು 1.4 ಪಟ್ಟು ಹಿಗ್ಗಿದಂತಾಯಿತು. ಅದೇ ಒಂದೂವರೆ ಮೀಟರ್ ಹಿಂದೆ ಹೋದರೆ ವ್ಯತ್ಯಾಸ 1.08 ಪಟ್ಟಿಗೆ ಇಳಿಯುತ್ತದೆ. ವೈಡ್ ಲೆನ್ಸ್ ಹಿಡಿದಾಗ ಮುಖವನ್ನು ದೊಡ್ಡದಾಗಿ ತೋರಿಸಲು ನಾವು ತೀರಾ ಹತ್ತಿರ ಹೋಗುತ್ತೇವೆ. ಆಮೇಲೆ ಬೈಯುವುದು ಲೆನ್ಸನ್ನು.

ಇದು ಬರೀ ಚೆಂದದ ವಿಷಯವಲ್ಲ, ಆರೋಗ್ಯದ್ದೂ ಹೌದು. ಸೆಲ್ಫಿ ನೋಡಿ ಮೂಗು ದಪ್ಪ ಎಂದು ಕೊರಗಿ ಪ್ಲಾಸ್ಟಿಕ್ ಸರ್ಜರಿ ವೈದ್ಯರ ಬಳಿಗೆ ಬರುವವರಿದ್ದಾರೆ. ಅಮೆರಿಕದ ರಟ್ಗರ್ಸ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು 2018ರಲ್ಲಿ ಇದನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಐದು ಅಡಿ ದೂರದ ಚಿತ್ರಕ್ಕೆ ಹೋಲಿಸಿದರೆ ಒಂದು ಅಡಿ ದೂರದ ಸೆಲ್ಫಿಯಲ್ಲಿ ಮೂಗು ಸುಮಾರು 30% ಹೆಚ್ಚು ಅಗಲವಾಗಿ ಕಾಣುತ್ತದೆ ಎಂಬುದು ಅವರ ಲೆಕ್ಕ. ನಿಮ್ಮ ಮೂಗಿಗೆ ಏನೂ ಆಗಿಲ್ಲ. ತೋಳು ಚಿಕ್ಕದು, ಅಷ್ಟೇ.

ಮೂರ್ತಿ 1950ರ ದಶಕದಲ್ಲೇ ಕ್ಯಾಮೆರಾವನ್ನು ಹಿಂದಕ್ಕೆ ಒಯ್ದರು. ಮುಖಗಳು ಮುಖಗಳಂತೆಯೇ ಉಳಿದವು.

1959: ಭಾರತದ ಮೊದಲ ಸಿನಿಮಾಸ್ಕೋಪ್

ಇಂಥ ಮುಖದ ಕೆಲಸದಲ್ಲಿ ಪಳಗಿದ ಜೋಡಿಯ ಕೈಗೆ ಒಂದು ಅಗಲದ ಲೆನ್ಸ್ ಬಂತು. ಕತೆಗೆ ತಿರುವು ಸಿಗುವುದು ಇಲ್ಲಿ.

ಅಮೆರಿಕದಲ್ಲಿ ಟಿ.ವಿ. ಬಂದು ಥಿಯೇಟರ್‌ಗಳು ಖಾಲಿಯಾಗುತ್ತಿದ್ದಾಗ, ಮನೆಯಲ್ಲಿ ಸಿಗದ ಅಗಲದ ಚಿತ್ರ ತೋರಿಸೋಣ ಎಂದು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿ 1953ರಲ್ಲಿ ಸಿನಿಮಾಸ್ಕೋಪ್ ತಂದಿತು. ಅದರ ಮೂಲ ಫ್ರಾನ್ಸಿನ ಆನ್ರಿ ಕ್ರೆಟಿಯನ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಮಾಡಿದ ಲೆನ್ಸ್. ಆ ಫಾಕ್ಸ್ ಲೆನ್ಸ್‌ಗಳು ಮುಂಬೈಯಲ್ಲಿ ಸಿಕ್ಕಾಗ ಗುರುದತ್ ಬಿಡಲಿಲ್ಲ. ಮೂರ್ತಿ ಅವನ್ನು ಪರೀಕ್ಷಿಸಿ ನೋಡಿದರು. 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾಯಿತು.

ಈ ಲೆನ್ಸ್ ಮಾಡುವ ಕೆಲಸ ಸ್ವಾರಸ್ಯಕರ. ಹಳೆಯ ಸಿನಿಮಾ ಚೌಕಟ್ಟಿನ ಎತ್ತರ 1 ಅಡಿ ಎಂದರೆ ಅಗಲ 1.37 ಅಡಿ. ಸಿನಿಮಾಸ್ಕೋಪ್‌ನಲ್ಲಿ ಅಗಲ 2.35 ಅಡಿ. ಆದರೆ ಫಿಲ್ಮ್ ಸುರುಳಿ ಅದೇ 35 ಮಿಲಿಮೀಟರಿನದು, ಅಗಲವಾಗಲಿಲ್ಲ. ಹಾಗಾದರೆ ಅಷ್ಟು ದೃಶ್ಯ ಎಲ್ಲಿ ಹಿಡಿಸಿತು? ಲೆನ್ಸ್ ಅದನ್ನು ಅಡ್ಡಕ್ಕೆ ಮಾತ್ರ ಅರ್ಧಕ್ಕೆ ಅದುಮುತ್ತದೆ. ಫಿಲ್ಮಿನ ಮೇಲೆ ಎಲ್ಲರೂ ಸಣಕಲಾಗಿ, ಉದ್ದುದ್ದವಾಗಿ ಕಾಣುತ್ತಾರೆ. ಥಿಯೇಟರಿನ ಪ್ರೊಜೆಕ್ಟರ್‌ಗೆ ಹಾಕಿದ ಇನ್ನೊಂದು ಲೆನ್ಸ್ ಅದನ್ನು ಮತ್ತೆ ಎರಡು ಪಟ್ಟು ಹಿಗ್ಗಿಸುತ್ತದೆ. ಮಡಿಸಿ ಪೆಟ್ಟಿಗೆಯಲ್ಲಿಟ್ಟ ಸೀರೆಯನ್ನು ಮನೆಗೆ ತಂದು ಬಿಡಿಸಿದ ಹಾಗೆ.

ಇದರಿಂದ ಒಂದು ವಿಚಿತ್ರ ನಡೆಯುತ್ತದೆ. 50 ಮಿಲಿಮೀಟರಿನ ಸಿನಿಮಾಸ್ಕೋಪ್ ಲೆನ್ಸ್ ಮೇಲಿನಿಂದ ಕೆಳಕ್ಕೆ 50 ಮಿಲಿಮೀಟರ್ ಲೆನ್ಸಿನಷ್ಟೇ ನೋಡುತ್ತದೆ, ಎಡದಿಂದ ಬಲಕ್ಕೆ 25 ಮಿಲಿಮೀಟರ್ ಲೆನ್ಸಿನಷ್ಟು ನೋಡುತ್ತದೆ. ಒಂದೇ ಲೆನ್ಸ್, ಎರಡು ಗುಣ. ಅಗಲ ಎಂದರೆ ಎಲ್ಲ ದಿಕ್ಕಿಗೂ ಹೆಚ್ಚು ಜಾಗ ಎಂದಲ್ಲ. ಯಾವ ದಿಕ್ಕಿಗೆ ಎಷ್ಟು ಎಂದು ಕೇಳಬೇಕು.

ಇನ್ನೊಂದು ತೊಂದರೆಯೂ ಇತ್ತು. ಆರಂಭದ ಸಿನಿಮಾಸ್ಕೋಪ್ ಲೆನ್ಸ್‌ಗಳು ಹತ್ತಿರದ ವಸ್ತುಗಳನ್ನು ಸರಿಯಾಗಿ ಅರ್ಧಕ್ಕೆ ಅದುಮುತ್ತಿರಲಿಲ್ಲ, ಸ್ವಲ್ಪ ಕಡಿಮೆ ಅದುಮುತ್ತಿದ್ದವು. ಪ್ರೊಜೆಕ್ಟರ್ ಮಾತ್ರ ಪೂರ್ತಿ ಎರಡು ಪಟ್ಟು ಹಿಗ್ಗಿಸುತ್ತಿತ್ತು. ಹಾಗಾಗಿ ಕ್ಲೋಸಪ್‌ನಲ್ಲಿ ಮುಖ ಉಬ್ಬಿದಂತೆ ಕಾಣುತ್ತಿತ್ತು. ಹಾಲಿವುಡ್ಡಿನವರು ಇದಕ್ಕೆ ಮಂಪ್ಸ್ ಎಂದೇ ಹೆಸರಿಟ್ಟಿದ್ದರು. ಅಂದರೆ ನಮ್ಮ ಮಂಗನಬಾವು, ಕೆನ್ನೆ ಊದುವ ಕಾಯಿಲೆ. ಗುರುದತ್ ಮತ್ತು ಮೂರ್ತಿ ಅವರ ದೊಡ್ಡ ಬಲ ಯಾವುದೋ ಆ ಕ್ಲೋಸಪ್‌ನಲ್ಲೇ ಈ ಲೆನ್ಸಿನ ದೊಡ್ಡ ದೌರ್ಬಲ್ಯ ಇತ್ತು.

ಹೊಸ ಯಂತ್ರ ಕೈಗೆ ಬಂದಾಗ ಪರದೆ ತುಂಬಿಸಬೇಕು ಎನ್ನುವ ಆಸೆ ಸಹಜ. ಸಾವಿರಾರು ಜನ, ಕುದುರೆ, ಕೋಟೆ, ಯುದ್ಧ. ಅಮೆರಿಕದ ಮೊದಲ ಸಿನಿಮಾಸ್ಕೋಪ್ ಚಿತ್ರ 'ದಿ ರೋಬ್' ರೋಮ್ ಸಾಮ್ರಾಜ್ಯದ ಕತೆ. 'ಕಾಗಜ್ ಕೆ ಫೂಲ್' ಒಬ್ಬ ಸಿನಿಮಾ ನಿರ್ದೇಶಕನ ಏಳುಬೀಳಿನ ಕತೆ. ಅಲ್ಲಿ ಅಗಲದ ಪರದೆಯ ತುಂಬ ಇರುವುದು ಬಹಳ ಸಲ ಖಾಲಿ ಸ್ಟುಡಿಯೊ. ಎತ್ತರದ ಗೋಡೆ, ಅಟ್ಟಣಿಗೆ, ಕತ್ತಲು, ದೂರದಲ್ಲಿ ಒಬ್ಬ ಮನುಷ್ಯ. ಅವನ ಸುತ್ತ ಯಾರೂ ಇಲ್ಲ ಎಂದು ತೋರಿಸಲು ಮೂರ್ತಿ ಆ ಅಗಲವನ್ನು ಬಳಸಿದರು.

ಬಿಸಿಲುಕೋಲಿನ ವಿಜ್ಞಾನ

ಈ ಚಿತ್ರದ ಒಂದು ಹಾಡನ್ನು ನೀವು ನೋಡಿರಬಹುದು. ಗೀತಾ ದತ್ ದನಿ, ಎಸ್.ಡಿ. ಬರ್ಮನ್ ಸಂಗೀತ. ಖಾಲಿ ಸ್ಟುಡಿಯೊದಲ್ಲಿ ಗುರುದತ್ ಮತ್ತು ವಹೀದಾ ರೆಹಮಾನ್ ದೂರ ದೂರ ನಿಂತಿದ್ದಾರೆ. ಮೇಲಿನಿಂದ ದೊಡ್ಡದೊಂದು ಬಿಸಿಲುಕೋಲು ಓರೆಯಾಗಿ ಇಳಿದಿದೆ. ಅವರ ನೆರಳಿನಂಥ ರೂಪಗಳು ದೇಹ ಬಿಟ್ಟು ನಡೆದು ಬಂದು ಆ ಬೆಳಕಿನಲ್ಲಿ ಸೇರುತ್ತವೆ.

ಅದನ್ನು ಕಂಪ್ಯೂಟರಿನಲ್ಲಿ ಮಾಡಿದ್ದಲ್ಲ. ಸ್ಟುಡಿಯೊ ದೀಪದಿಂದ ಮಾಡಿದ್ದೂ ಅಲ್ಲ. ಮೂರ್ತಿ ಹೊರಗಿನ ಸೂರ್ಯನ ಬೆಳಕನ್ನೇ ಒಳಗೆ ತಂದರು. ಹೊರಗೆ ಒಂದು ದೊಡ್ಡ ಕನ್ನಡಿ ಬಿಸಿಲನ್ನು ಹಿಡಿದು ಒಳಗೆ ಕಳಿಸಿತು. ಒಳಗೆ ಮೇಲಿನ ಅಟ್ಟಣಿಗೆಯಲ್ಲಿದ್ದ ಇನ್ನೊಂದು ಕನ್ನಡಿ ಅದನ್ನು ನೆಲಕ್ಕೆ ತಿರುಗಿಸಿತು. ಗಾಳಿಯಲ್ಲಿ ಸ್ವಲ್ಪ ಹೊಗೆ ಬಿಟ್ಟರು.

ದೀಪ ಯಾಕೆ ಸಾಲದು? ಹತ್ತಿರದ ದೀಪದ ಬೆಳಕು ದೂರ ಹೋದಂತೆ ಬೀಸಣಿಗೆಯ ಹಾಗೆ ಹರಡುತ್ತದೆ. ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ಅದರ ಕಿರಣಗಳು ನಮ್ಮನ್ನು ತಲುಪುವಾಗ ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತವೆ. 20 ಮೀಟರ್ ದೂರ ಸಾಗಿದರೂ ಆ ಕೋಲು ಒಂದು ಗೇಣಿನಷ್ಟೂ ಹರಡುವುದಿಲ್ಲ. ಹಾಗಾಗಿ ಅಂಚು ಕತ್ತರಿಸಿದಂತೆ ಕಾಣುತ್ತದೆ. ಹೊಗೆ ಯಾಕೆ? ಬೆಳಕು ಪಕ್ಕದಿಂದ ಹಾದುಹೋದರೆ ಕಣ್ಣಿಗೆ ಕಾಣುವುದಿಲ್ಲ. ಗಾಳಿಯಲ್ಲಿರುವ ಸೂಕ್ಷ್ಮ ಕಣಗಳಿಗೆ ಬಡಿದು ಚೆದುರಿದಾಗ ಮಾತ್ರ ದಾರಿ ಕಾಣುತ್ತದೆ. ಇದಕ್ಕೆ ಟಿಂಡಾಲ್ ಪರಿಣಾಮ ಎನ್ನುತ್ತಾರೆ. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು. ಒಡೆದ ಹಂಚಿನ ಸಂದಿಯಿಂದ ಇಳಿದ ಬಿಸಿಲುಕೋಲು ಅಡುಗೆಮನೆಯ ಹೊಗೆಯಲ್ಲೇ ಚೆನ್ನಾಗಿ ಕಾಣುವುದು.

ಒಂದು ಕಷ್ಟವೂ ಇದೆ. ಸೂರ್ಯ ನಮಗಾಗಿ ನಿಲ್ಲುವುದಿಲ್ಲ. ನಾಲ್ಕು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಸರಿಯುತ್ತದೆ. ಕನ್ನಡಿ ಹಾಗೇ ಇದ್ದರೆ 20 ಮೀಟರ್ ಆಚೆ ಬೆಳಕು ಒಂದು ಅಡಿಗೂ ಹೆಚ್ಚು ಜರುಗಿಬಿಡುತ್ತದೆ. ಕನ್ನಡಿಯನ್ನು ಮತ್ತೆ ಮತ್ತೆ ತಿರುಗಿಸುತ್ತಲೇ ಇರಬೇಕು. ತೆರೆಯ ಮೇಲೆ ಹಾಯಾಗಿ ಕಾಣುವ ಆ ಬೆಳಕಿನ ಹಿಂದೆ ಇಂಥ ಗಡಿಬಿಡಿ ಇರುತ್ತದೆ.

ಚಿತ್ರ ಸೋತಿತು

'ಕಾಗಜ್ ಕೆ ಫೂಲ್' ಥಿಯೇಟರ್‌ಗಳಲ್ಲಿ ಓಡಲಿಲ್ಲ. ಜನ ಒಪ್ಪಲಿಲ್ಲ. ಗುರುದತ್ ಎಷ್ಟು ನೊಂದರೆಂದರೆ ಮತ್ತೆ ಯಾವ ಚಿತ್ರಕ್ಕೂ ನಿರ್ದೇಶಕ ಎಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. 1964ರ ಅಕ್ಟೋಬರ್ 10ರಂದು, 39ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂದು ಆ ಚಿತ್ರವನ್ನು ಸಿನಿಮಾ ಶಾಲೆಗಳಲ್ಲಿ ಪಾಠವಾಗಿ ನೋಡುತ್ತಾರೆ. ಅದನ್ನು ನೋಡಲು ಗುರುದತ್ ಇರಲಿಲ್ಲ.

ಮೂರ್ತಿ ಅವರಿಗೆ ಆ ಚಿತ್ರದ ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ದೇಶದ ಮೊದಲ ಅಗಲ ಪರದೆ, ಅಷ್ಟು ಚೆಂದದ ಬೆಳಕು, ಪ್ರಶಸ್ತಿ, ಎಲ್ಲ ಇದ್ದೂ ಚಿತ್ರ ಬಿದ್ದಿತು. ಹೊಸ ಲೆನ್ಸ್ ಬಂದರೆ ಕೆಲಸ ಗೆದ್ದಂತೆ ಎಂದು ನಂಬುವವರು ಈ ಭಾಗವನ್ನು ಮರೆಯಬಾರದು.

1962ರ 'ಸಾಹಿಬ್ ಬೀಬಿ ಔರ್ ಗುಲಾಮ್' ಚಿತ್ರದಲ್ಲಿ ಅವರು ಹಳೆಯ ಚೌಕಟ್ಟಿಗೇ ಮರಳಿದರು. ಅದರ ಒಂದು ನೃತ್ಯದಲ್ಲಿ ನಡುವಿನ ನರ್ತಕಿಯ ಮೇಲೆ ಮಾತ್ರ ಬೆಳಕು. ಜೊತೆಯ ನರ್ತಕಿಯರೆಲ್ಲ ಹಾಡು ಮುಗಿಯುವವರೆಗೂ ನೆರಳಿನಲ್ಲೇ ಕುಣಿಯುತ್ತಾರೆ. ಅವರು ಸರಿಯುತ್ತಾರೆ, ತಿರುಗುತ್ತಾರೆ, ಆದರೂ ಬೆಳಕಿಗೆ ಸಿಗುವುದಿಲ್ಲ. ಈ ಚಿತ್ರಕ್ಕೂ ಮೂರ್ತಿ ಅವರಿಗೆ ಫಿಲ್ಮ್‌ಫೇರ್ ಬಂತು.

ಅಗಲ ಪರದೆಯಿಂದ ಟಿ.ವಿ. ಪೆಟ್ಟಿಗೆಗೆ

ಕಪ್ಪು ಬಿಳುಪಿನಲ್ಲಿ ದೇಶದ ದೊಡ್ಡ ಹೆಸರಾಗಿದ್ದವರು ಬಣ್ಣ ಕಲಿಯಲು ಬ್ರಿಟನ್‌ಗೆ ಹೋದರು. 'ದಿ ಗನ್ಸ್ ಆಫ್ ನವರೋನ್' ಚಿತ್ರದ ಕ್ಯಾಮೆರಾ ತಂಡದೊಂದಿಗೆ ಇದ್ದು ಕೆಲಸ ಕಲಿತರು. ಅಷ್ಟು ಹೆಸರು ಮಾಡಿದ ಮೇಲೆ ಮತ್ತೆ ವಿದ್ಯಾರ್ಥಿಯಾಗುವುದು ಎಲ್ಲರಿಗೂ ಆಗುವ ಮಾತಲ್ಲ.

ಅವರ ಸಹಾಯಕರಾಗಿದ್ದವರಲ್ಲಿ ಒಬ್ಬರು ಗೋವಿಂದ್ ನಿಹಲಾನಿ. ಅವರೂ ಎಸ್‌ಜೆಪಿ ಪಾಲಿಟೆಕ್ನಿಕ್‌ನಲ್ಲೇ ಕಲಿತವರು. ಮುಂದೆ ನಿಹಲಾನಿ ದೂರದರ್ಶನಕ್ಕೆ 'ತಮಸ್' ಮಾಡಿದಾಗ, ಶ್ಯಾಮ್ ಬೆನೆಗಲ್ 'ಭಾರತ್ ಏಕ್ ಖೋಜ್' ಮಾಡಿದಾಗ ಮೂರ್ತಿ ಕ್ಯಾಮೆರಾ ಹಿಡಿದರು. ದೇಶದ ಮೊದಲ ಸಿನಿಮಾಸ್ಕೋಪ್ ತೆಗೆದ ಕೈ 1980ರ ದಶಕದಲ್ಲಿ ಟಿ.ವಿ.ಯ ಪುಟ್ಟ, ಹೆಚ್ಚುಕಡಿಮೆ ಚೌಕಾಕಾರದ ಪೆಟ್ಟಿಗೆಗೆ ಚಿತ್ರ ಕಟ್ಟಿತು. ಪರದೆ ಕಿರಿದಾಯಿತು ಎಂದು ಅವರು ಕೆಲಸ ನಿಲ್ಲಿಸಲಿಲ್ಲ.

ಕನ್ನಡಕ್ಕೂ ಬಂದರು. ತ್ರಿವೇಣಿ ಅವರ ಕಾದಂಬರಿ ಆಧರಿಸಿ ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ 1993ರ 'ಹೂವು ಹಣ್ಣು' ಚಿತ್ರದ ಛಾಯಾಗ್ರಹಣ ಅವರದು. ಕಾದಂಬರಿ ಬರೆದವರೂ ಮೈಸೂರಿನವರು, ಕ್ಯಾಮೆರಾ ಹಿಡಿದವರೂ ಮೈಸೂರಿನವರು.

2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು 2010ರಲ್ಲಿ ಅವರಿಗೆ ನೀಡಲಾಯಿತು. 1969ರಲ್ಲಿ ಶುರುವಾದ ಈ ಪ್ರಶಸ್ತಿ ಒಬ್ಬ ಛಾಯಾಗ್ರಾಹಕನಿಗೆ ಸಿಕ್ಕಿದ್ದು ಅದೇ ಮೊದಲು. 2014ರ ಏಪ್ರಿಲ್ 7ರಂದು ಬೆಂಗಳೂರಿನಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಗೆಳೆಯರ ಲೆನ್ಸ್ ಪ್ರಶ್ನೆ

ಈ ಬದುಕನ್ನು ಓದಿ ನಾವು ಗೆಳೆಯರಿಗೆ ಹೇಳಿದ್ದು ಇಷ್ಟು: ಮೊದಲು ಎಲ್ಲಿ ನಿಲ್ಲುತ್ತೀರಿ ಎಂದು ಅಳೆಯಿರಿ, ಆಮೇಲೆ ಲೆನ್ಸ್ ಆರಿಸಿ. ಲೆಕ್ಕ ಸುಲಭ.

ಈಗ ಹೆಚ್ಚು ಬಳಕೆಯಲ್ಲಿರುವ ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್, ಹ್ಯಾಸೆಲ್‌ಬ್ಲಾಡ್ ಎಕ್ಸ್ ಸರಣಿಯ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗಳ ಸೆನ್ಸರ್ ಅಗಲ ಸುಮಾರು 43.8 ಮಿಲಿಮೀಟರ್, ಎತ್ತರ 32.9. ಫುಲ್ ಫ್ರೇಮ್ ಎನ್ನುವ ಸಾಮಾನ್ಯ ವೃತ್ತಿಪರ ಕ್ಯಾಮೆರಾದ್ದು 36 ಮತ್ತು 24. ಸೆನ್ಸರ್ ದೊಡ್ಡದಾದ್ದರಿಂದ ಅದೇ ಮಿಲಿಮೀಟರಿನ ಲೆನ್ಸ್ ಇಲ್ಲಿ ಹೆಚ್ಚು ಅಗಲಕ್ಕೆ ನೋಡುತ್ತದೆ. ಲೆನ್ಸಿನ ಸಂಖ್ಯೆಯನ್ನು 0.79ರಿಂದ ಗುಣಿಸಿದರೆ ಫುಲ್ ಫ್ರೇಮ್‌ನ ಲೆಕ್ಕ ಸಿಗುತ್ತದೆ. 23 ಮಿಲಿಮೀಟರ್ ಲೆನ್ಸ್ ಅಲ್ಲಿಯ 18ರಂತೆ, 30 ಮಿಲಿಮೀಟರಿನದು 24ರಂತೆ, 45 ಮಿಲಿಮೀಟರಿನದು 36ರಂತೆ.

ಛತ್ರದ ವೇದಿಕೆಯಲ್ಲಿ ಮನೆಯವರೆಲ್ಲ ನಿಂತ ಸಾಲು 6 ಮೀಟರ್ ಅಗಲ ಇದೆ ಎಂದುಕೊಳ್ಳಿ. ಅಷ್ಟೂ ಹಿಡಿಯಲು ಎಷ್ಟು ಹಿಂದೆ ನಿಲ್ಲಬೇಕು? ಸಾಲಿನ ಅಗಲವನ್ನು ಲೆನ್ಸಿನ ಮಿಲಿಮೀಟರಿನಿಂದ ಗುಣಿಸಿ, ಸೆನ್ಸರ್ ಅಗಲದಿಂದ ಭಾಗಿಸಿ.

23 ಮಿಲಿಮೀಟರ್: 3.2 ಮೀಟರ್ ಹಿಂದೆ.
30 ಮಿಲಿಮೀಟರ್: 4.1 ಮೀಟರ್ ಹಿಂದೆ.
45 ಮಿಲಿಮೀಟರ್: 6.2 ಮೀಟರ್ ಹಿಂದೆ.

23ರಲ್ಲಿ ಜಾಗ ಉಳಿಯಿತಲ್ಲ ಎನ್ನಬಹುದು. ಆದರೆ ಸಾಲಿನ ತುದಿ ನೋಡಿ. ವೈಡ್ ಲೆನ್ಸ್‌ಗಳು ಗೋಡೆ, ಕಂಬಗಳನ್ನು ನೇರವಾಗಿ ತೋರಿಸಲು ಚೌಕಟ್ಟಿನ ಅಂಚಿನ ವಸ್ತುಗಳನ್ನು ಹೊರಕ್ಕೆ ಎಳೆಯುತ್ತವೆ. ತುದಿಯಲ್ಲಿ ನಿಂತವರ ತಲೆ 23 ಮಿಲಿಮೀಟರಿನಲ್ಲಿ ಸುಮಾರು 38% ಅಡ್ಡಕ್ಕೆ ಹಿಗ್ಗುತ್ತದೆ, 30ರಲ್ಲಿ 24%, 45ರಲ್ಲಿ 11%. ಆಲ್ಬಮ್ ತೆರೆದಾಗ ತುದಿಯಲ್ಲಿ ನಿಂತ ಸೋದರತ್ತೆ ಮುನಿಸಿಕೊಳ್ಳುವುದು ಇದಕ್ಕೇ. ಹಿಂದಿನ ಸಾಲಿನವರ ಗತಿಯೂ ಅಷ್ಟೆ. ಅವರು ಒಂದೂವರೆ ಮೀಟರ್ ಹಿಂದೆ ನಿಂತಿದ್ದರೆ 23ರಲ್ಲಿ ಅವರ ಮುಖ ಮುಂದಿನವರ ಮುಖದ ಮೂರರಲ್ಲಿ ಎರಡು ಪಾಲಿನಷ್ಟೇ ಕಾಣುತ್ತದೆ, 45ರಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು.

ಸೆನ್ಸರ್ ದೊಡ್ಡದಾದ್ದರಿಂದ ಮೀಡಿಯಂ ಫಾರ್ಮ್ಯಾಟ್‌ನಲ್ಲಿ ಈ ಹಿಗ್ಗುವಿಕೆ ಇರುವುದಿಲ್ಲ ಎಂಬ ಮಾತೂ ಕೇಳಿಬರುತ್ತದೆ. ಅದು ತಪ್ಪು. ನೋಡುವ ಕೋನ ಒಂದೇ ಆದರೆ ಹಿಗ್ಗುವುದೂ ಒಂದೇ. ದೊಡ್ಡ ಸೆನ್ಸರ್ ಹೆಚ್ಚು ವಿವರ, ನವಿರಾದ ಬಣ್ಣ ಕೊಡಬಹುದು. ರೇಖಾಗಣಿತವನ್ನು ಬದಲಿಸಲಾರದು.

ಅರಮನೆಯ ವಿಷಯ ಬೇರೆ. ಅಲ್ಲಿ ಹಿಂದೆ ಸರಿಯಲು ಬಯಲು ಇದೆ. ಹತ್ತಿರ ನಿಂತು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದರೆ ಗೋಪುರಗಳು ಒಳಕ್ಕೆ ವಾಲಿದಂತೆ ಕಾಣುತ್ತವೆ. ಹಿಂದೆ ಹೋಗಿ ಕ್ಯಾಮೆರಾವನ್ನು ಮಟ್ಟಸವಾಗಿ ಹಿಡಿಯಿರಿ. ಕೆಳಗೆ ಹೆಚ್ಚಾಗಿ ಬಂದ ನೆಲವನ್ನು ಆಮೇಲೆ ಕತ್ತರಿಸಿ. ಈ ಕ್ಯಾಮೆರಾಗಳಲ್ಲಿ 50 ಅಥವಾ 100 ಮೆಗಾಪಿಕ್ಸೆಲ್ ಇರುವುದರಿಂದ ಕತ್ತರಿಸಿದ ಮೇಲೂ ದೊಡ್ಡ ಪ್ರಿಂಟ್‌ಗೆ ಸಾಕಾಗುವಷ್ಟು ಉಳಿಯುತ್ತದೆ.

ಹಾಗಾದರೆ 23 ಯಾರಿಗೆ ಬೇಕು? ಹಿಂದೆ ಸರಿಯಲು ಗೋಡೆ ಬಿಡದವರಿಗೆ. ದೇವಸ್ಥಾನದ ನವರಂಗ, ಹಳೆಯ ಮನೆಯ ಪಡಸಾಲೆ, ಒಳಾಂಗಣ ವಿನ್ಯಾಸದ ಕೆಲಸ. ಜನರೇ ಮುಖ್ಯವಾದ ಮದುವೆ ಕೆಲಸಕ್ಕೆ 45 ಮೊದಲು, ಜಾಗ ಸಾಲದಿದ್ದರೆ 30. ಕೊಳ್ಳುವ ಮೊದಲು ಎರಡು ದಿನ ಬಾಡಿಗೆಗೆ ತಂದು ನಿಮ್ಮ ಛತ್ರದಲ್ಲೇ ಪರೀಕ್ಷಿಸಿ. ಮೂರ್ತಿ ಅವರಂಥವರೇ ಹೊಸ ಲೆನ್ಸನ್ನು ಮೊದಲು ಪರೀಕ್ಷಿಸಿ ನೋಡಿದ್ದರು.

ನಮ್ಮ ಗೆಳೆಯರು ಟೇಪು ಹಿಡಿದು ತಾವು ಹೆಚ್ಚಾಗಿ ಹೋಗುವ ಮೂರು ಛತ್ರಗಳನ್ನು ಅಳೆದರು. ಮೂರರಲ್ಲೂ ವೇದಿಕೆ ಮುಂದೆ ಏಳು ಮೀಟರಿಗಿಂತ ಹೆಚ್ಚು ಜಾಗವಿತ್ತು. ಕ್ಯಾಮೆರಾ ಜೊತೆ ಬಂದಿದ್ದ 45 ಮಿಲಿಮೀಟರ್ ಲೆನ್ಸೇ ಸಾಕಾಯಿತು. ಸಾಲ ಮಾಡಲಿಲ್ಲ.

ನೆನಪಿಡಿ

ಮುಖ ಹಾಳಾಗುವುದು ಹತ್ತಿರ ಹೋದದ್ದರಿಂದ. ಸೆಲ್ಫಿ ನೋಡಿ ನಿಮ್ಮ ಮೂಗನ್ನು ಬೈಯಬೇಡಿ.
ಗುಂಪು ಫೋಟೊಗೆ 0.5 ಒತ್ತುವ ಮೊದಲು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ. ಆಗದಿದ್ದರೆ ಮಾತ್ರ ಒತ್ತಿ, ತುದಿಯಲ್ಲಿ ಜನರನ್ನು ನಿಲ್ಲಿಸಬೇಡಿ.
ಲೆನ್ಸಿನ ಸಂಖ್ಯೆ ಸೆನ್ಸರ್ ಗಾತ್ರ ತಿಳಿಯದೆ ಏನನ್ನೂ ಹೇಳುವುದಿಲ್ಲ.
ಅತಿ ಅಗಲದ್ದೇ ಒಳ್ಳೆಯದು ಎಂಬ ಸಲಹೆ ಗುಂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಮೇಲಿನ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಿ.